ಒಣ ಮಣೆಯ ಮೇಲೆ ನಾನು ಕುರುಡ

ನಾನು ಒಂದು ಟೆಸ್ಟರ್. ನೋಡಲು ತೆಳ್ಳನೆಯ ಸ್ಕ್ರೂಡ್ರೈವರಿನ ಹಾಗಿದ್ದರೂ ನನ್ನ ಕುಲ ಬೇರೆ, ಅದು ಅನುಮಾನದ ಕುಲ. ತೆಪ್ಪಗೆ ಬಿದ್ದಿರುವ ತಂತಿಯನ್ನು ಕಂಡರೂ, ಇದು ನಿಜವಾಗಿ ಸತ್ತಿದೆಯೋ ಸತ್ತಂತೆ ನಟಿಸುತ್ತಿದೆಯೋ ಎಂದು ಮುಟ್ಟಿ ನೋಡುವುದೇ ನನ್ನ ಕಸುಬು. ದೂರದ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಹಳದಿ ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗೆ ಒಂದು ಕರಿ ಕಡ್ಡಿ, ಒಂದು ಪುಟ್ಟ ಗಾಜಿನ ಬಲ್ಬು, ಒಂದು ಸ್ಪ್ರಿಂಗು ತುಂಬಿ ತಲೆಗೆ ಲೋಹದ ಟೋಪಿ ತಿರುಗಿಸಿದರು. ಹುಟ್ಟಿದ ಕೂಡಲೇ ಸಾಕೆಟ್ಟಿಗೆ ಚುಚ್ಚಿ ಪರೀಕ್ಷೆ ಮಾಡಿದರು. ಹೆತ್ತವರಿಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ.

ಹಾವೇರಿಯ ದಾವಲಸಾಬ ಎಂಬ ವೈರ್‌ಮನ್ ನನ್ನನ್ನು ಕೊಂಡ. ಆರು ವರ್ಷ ಅವನ ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟಿನ ಪಕ್ಕದಲ್ಲಿ ಬಾಳಿದೆ. ಅವನೂ ನನ್ನನ್ನು ನಂಬಿದವನಲ್ಲ. ದಿನಾ ಕೆಲಸಕ್ಕೆ ಹೊರಡುವ ಮುಂಚೆ ಬರಿಗಾಲಲ್ಲಿ ನಿಂತು ತನ್ನ ಮನೆಯ ಸಾಕೆಟ್ಟಿಗೆ ನನ್ನನ್ನು ಹಚ್ಚುತ್ತಿದ್ದ. ನಾನು ಕೆಂಪಗೆ ಕಣ್ಣು ಬಿಟ್ಟರೆ ಮಾತ್ರ ಜೇಬಿಗೆ ಏರಿಸುತ್ತಿದ್ದ. ಆಗ ನನಗೆ ಅವಮಾನವಾಗುತ್ತಿತ್ತು. ಅವನು ಮಾಡುತ್ತಿದ್ದುದೇ ಸರಿ ಎಂದು ತಿಳಿಯಲು ನಾನು ಶಾವಂತ್ರೆವ್ವನ ಮನೆ ಸೇರಬೇಕಾಯಿತು.

ಶಾವಂತ್ರೆವ್ವ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುತ್ತಿದ್ದ ವಿಧವೆ. ಕುಳ್ಳಗಿನ ಆಳು, ಉದ್ದನೆಯ ಅನುಮಾನ. ದಾವಲಸಾಬ ಫ್ಯಾನ್ ರಿಪೇರಿಗೆ ಹೋದರೆ ಏಣಿಯ ಬುಡದಲ್ಲಿ ನಿಂತು ಪ್ರಶ್ನೆ ಸುರು ಮಾಡುತ್ತಿದ್ದಳು.

“ಫ್ರಿಜ್ಜಿನ ಒಳಗ ತಂಪು, ಬೆನ್ನಾಗ ಯಾಕ ಬಿಸಿ? ಒಳಗಿನ ಬಿಸಿ ಹೊರಗ ಹಾಕತೈತಿ ಅಂತೀ. ಹಂಗಾರ ಬಾಗಲಾ ತಗದಿಟ್ರ ಮನಿಯೆಲ್ಲಾ ತಂಪಾಗಬೇಕಲ್ಲ?”

“ಆಗಂಗಿಲ್ರಿ ಅವ್ವಾರ. ಒಳಗಿಂದ ತಗದ ಬಿಸಿ ಅದ ಮನ್ಯಾಗ ಬೀಳತೈತಿ. ಮ್ಯಾಲೆ ಮೋಟರಿನ ಬಿಸಿ ಬ್ಯಾರೆ.”

ಅವಳು ನಂಬಲಿಲ್ಲ. ಒಂದು ಮಧ್ಯಾಹ್ನವಿಡೀ ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಬೆವರುತ್ತ ಕುಳಿತಳು. ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು.

“ಈ ಟೆಸ್ಟರ್ ಹಿಡದಾಗ ಕರೆಂಟ್ ನಿನ್ನ ಮೈಯಾಗ ಹೋಗತೈತೋ ಇಲ್ಲೋ? ಹೋದರ ನೀ ಯಾಕ ಸಾಯಂಗಿಲ್ಲ?”

“ಹೋಗತೈತ್ರಿ. ಆದ್ರ ಒಳಗಿನ ಈ ಕರಿ ಕಡ್ಡಿ ಹೊಳಿ ನೀರನ್ನ ಹನಿ ಮಾಡಿ ಬಿಡತೈತಿ. ಆ ಹನಿ ನನ್ನ ಮೈ ಹಾದು ನೆಲಕ್ಕ ಇಳೀತೈತಿ.”

“ನೆಲಕ್ಕ ಇಳದಿದ್ದನ್ನ ನೀ ಕಣ್ಣಾರೆ ನೋಡೀಯೇನು?”

ದಾವಲಸಾಬ ಸೋತು ನಕ್ಕ. ನನ್ನನ್ನು ಅವಳ ಕೈಗಿಟ್ಟು, “ಇನ್ನ ನನ್ನ ಕೇಳಬ್ಯಾಡ್ರಿ, ಇದನ್ನ ಕೇಳ್ರಿ. ಕರೆಂಟಿನ ಕೆಲಸದಾಗ ಒಣಾ ಮಣಿ ಮ್ಯಾಲೆ ನಿಂತ್ಕೋರಿ, ಅಷ್ಟ,” ಎಂದು ಹೋದ. ಹಿರಿಯರು ಹೇಳುತ್ತ ಬಂದ ಒಳ್ಳೆಯ ಬುದ್ಧಿಮಾತೇ ಅದು. ನನ್ನ ಪಾಲಿಗೆ ಮಾತ್ರ ಅದೇ ಶನಿಯಾಯಿತು.

ಆ ವರ್ಷ ಮನೆಗೆ ಸೊಸೆ ಬಂದಳು, ದಾಕ್ಷಾಯಣಿ. ಎತ್ತರದ ಹುಡುಗಿ, ಮಾತು ಕಡಿಮೆ. ಬಂದ ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಅವಳು ಗ್ರೈಂಡರಿನ ಹತ್ತಿರದಿಂದ ಕೈ ಕೊಡವುತ್ತ ಬಂದು, “ಅತ್ತಿ, ಗ್ರೈಂಡರ್ ಮುಟ್ಟಿದ್ರ ಜುಮ್ ಅಂತೈತ್ರಿ,” ಎಂದಳು.

ಶಾವಂತ್ರೆವ್ವನ ಹುಬ್ಬು ಮೇಲೇರಿತು. “ಎರಡ ವರ್ಷ ನಾ ಇದರಾಗ ರುಬ್ಬೇನಿ. ನನಗ ಅನಲಾರದ್ದು ನಿನಗ ಹೆಂಗ ಅಂತು?”

ಕೆಲಸ ತಪ್ಪಿಸುವ ಹೂಟ ಎಂದು ಅವಳ ಅನುಮಾನ. ಆದರೂ ನ್ಯಾಯ ನ್ಯಾಯವೇ ಎಂದು ನನ್ನನ್ನು ತಂದಳು. ಗ್ರೈಂಡರಿನ ಎತ್ತರ ಎಟುಕದೆ ಅವಳು ಸದಾ ನಿಲ್ಲುತ್ತಿದ್ದ ದಪ್ಪ ಸಾಗವಾನಿ ಮಣೆ ಅಲ್ಲೇ ಇತ್ತು. ಅದರ ಮೇಲೆ ನಿಂತು, ನನ್ನ ಟೋಪಿಗೆ ಬೆರಳಿಟ್ಟು, ಗ್ರೈಂಡರಿನ ಮೈಗೆ ನನ್ನ ಮೂತಿ ಹಚ್ಚಿದಳು.

ಕರೆಂಟು ಇತ್ತು. ನನ್ನ ಮೂತಿಗೆ ತಿಳಿಯಿತು. ಆದರೆ ನಾನು ಉರಿಯಬೇಕಾದರೆ ಆ ಹನಿ ನೆಲಕ್ಕಿಳಿಯಬೇಕು, ಕೆಳಗೆ ಒಣ ಮಣೆ ಅಡ್ಡ ಕೂತಿತ್ತು. ಒಳಗೆ ಎಲ್ಲೋ ಮಿಣುಕಿದೆನೇನೋ, ಕಿಟಕಿಯ ಬಿಸಿಲಿನಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

“ನೋಡಿದೇನವಾ? ಟೆಸ್ಟರ್ ಹೇಳೈತಿ. ಇದರಾಗ ಏನೂ ಇಲ್ಲ.”

ದಾಕ್ಷಾಯಣಿ ಸೆರಗು ಸಿಕ್ಕಿಸಿ ನೀರು ಚೆಲ್ಲಿದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ರುಬ್ಬಲು ಹೋದಳು. ಜೀವಮಾನದಲ್ಲಿ ನಾನು ಹೇಳಿದ ಒಂದೇ ಸುಳ್ಳು ಅದು. ನನಗೆ ಬಾಯಿಲ್ಲದ್ದಕ್ಕೆ ಅಂದಿನಷ್ಟು ದುಃಖ ಎಂದೂ ಆಗಿಲ್ಲ.

ಎರಡು ದಿನ ಅವಳು ಕೈಗೆ ಬಟ್ಟೆ ಸುತ್ತಿಕೊಂಡು ರುಬ್ಬಿದಳು. ಮೂರನೆಯ ದಿನ ಬಟ್ಟೆ ನೆನೆದಿತ್ತು. ಹಿಟ್ಟಿನ ಪಾತ್ರೆ ದಬ್ಬನೆ ಬಿದ್ದ ಸದ್ದಿಗೆ ಅತ್ತೆ ಓಡಿ ಬಂದಾಗ ಸೊಸೆ ಗೋಡೆಗೆ ಒರಗಿ ನಡುಗುತ್ತಿದ್ದಳು.

“ಇನ್ನ ನಾ ಮುಟ್ಟಂಗಿಲ್ರಿ. ಸುಳ್ಳ ಅನಸಿದ್ರ ತವರಿಗೆ ಕಳಿಸಿಬಿಡ್ರಿ.”

“ಹಂಗಾರ ಟೆಸ್ಟರ್ ಸುಳ್ಳ ಹೇಳತೈತೇನು?”

“ನಿಮಗ ಎಲ್ಲಾರ ಮ್ಯಾಲೂ ಸಂಶೆ. ಅದರ ಮ್ಯಾಲೆ ಮಾತ್ರ ಯಾಕಿಲ್ರಿ?”

ಶಾವಂತ್ರೆವ್ವನಿಗೆ ಈ ಮಾತು ನಾಟಿತು. ತಾನು ಸಂಶಯಪಡದೆ ಬಿಟ್ಟ ವಸ್ತುವೊಂದು ಮನೆಯಲ್ಲಿದೆ ಎಂಬುದೇ ಅವಳಿಗೆ ಸಹಿಸಲಾಗಲಿಲ್ಲ. ಗ್ರೈಂಡರಿನ ಸ್ವಿಚ್ಚು ಆರಿಸಿ, ಅದೇ ಮಣೆ ಏರಿ, ಪಕ್ಕದ ಫ್ರಿಜ್ಜಿನ ಬೋರ್ಡಿನ ಖಾಲಿ ಸಾಕೆಟ್ಟಿಗೆ ನನ್ನನ್ನು ತೂರಿಸಿದಳು. ಫ್ರಿಜ್ಜು ಗುಂಯ್‌ಗುಡುವಷ್ಟು ಕರೆಂಟಿರುವ ಬೋರ್ಡು. ನಾನು ಉರಿಯಲಿಲ್ಲ.

“ಇದು ಕೆಟ್ಟೈತಿ,” ಎನ್ನುತ್ತ ಸರಿಯಾಗಿ ನೋಡಲು ಒಂದು ಕಾಲು ಕೆಳಗಿಟ್ಟಳು. ಅಂಗಾಲು ಒದ್ದೆ ಕಲ್ಲನ್ನು ಮುಟ್ಟಿದ್ದೇ ತಡ, ನಾನು ಕೆಂಪಗೆ ಕಣ್ಣು ಬಿಟ್ಟೆ. ಅವಳು ಮತ್ತೆ ಮಣೆ ಹತ್ತಿದಳು, ಕಣ್ಣು ಮುಚ್ಚಿದೆ. ಇಳಿದಳು, ತೆರೆದೆ. ಹೀಗೆ ನಾಲ್ಕು ಸಲ.

“ನೆಲಕ್ಕ ಇಳೀತೈತಿ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಗ್ರೈಂಡರಿನ ಸ್ವಿಚ್ಚು ಹಾಕಿ, ಸೊಸೆ ನಿಲ್ಲುತ್ತಿದ್ದ ಒದ್ದೆ ಜಾಗದಲ್ಲೇ ಬರಿಗಾಲೂರಿ, ನನ್ನ ಮೂತಿಯನ್ನು ಅದರ ಮೈಗೆ ಹಚ್ಚಿದಳು. ನಾನು ಹೊಟ್ಟೆ ತುಂಬ ಉರಿದೆ. ಅವಳು ಸ್ವಿಚ್ಚು ಆರಿಸಿ ದಾವಲಸಾಬನಿಗೆ ಹೇಳಿ ಕಳಿಸಿದಳು.

ದಾವಲಸಾಬ ಬಂದು ಬಿಚ್ಚಿದಾಗ ಇಲಿ ಕಡಿದ ತಂತಿ ಒಳಮೈಗೆ ತಾಗಿತ್ತು, ಸೋರಿದ ಕರೆಂಟನ್ನು ನೆಲಕ್ಕೊಯ್ಯಬೇಕಾದ ಅರ್ಥ್ ತಂತಿ ತುಕ್ಕು ಹಿಡಿದು ಕಳಚಿತ್ತು. “ಈ ತಂಗಿ ಆಯುಷ್ಯ ಗಟ್ಟಿ ಐತ್ರಿ,” ಎಂದ. ಶಾವಂತ್ರೆವ್ವ ಆ ಕಡಿದ ತಂತಿಯ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು.

ಈಗ ನನಗೆ ಮುಪ್ಪು. ಬಲ್ಬು ಕಪ್ಪಾಗಿದೆ, ಚಮಚಗಳ ಡಬ್ಬಿಯಲ್ಲಿ ನಿಂತಿದ್ದೇನೆ, ಡಬ್ಬಿಗಳ ಮುಚ್ಚಳ ಮೀಟಲು ಮಾತ್ರ ಕರೆಯುತ್ತಾರೆ. ನನ್ನದೂ ಒಂದು ಮಾತಿದೆ: ಯಾರನ್ನಾದರೂ ಸಂಶಯಿಸಿ, ತಪ್ಪಿಲ್ಲ, ಆದರೆ ಮೊದಲು ನೀವು ಯಾವುದರ ಮೇಲೆ ನಿಂತಿದ್ದೀರಿ ನೋಡಿಕೊಳ್ಳಿ.

ಶಾವಂತ್ರೆವ್ವ ಸೊಸೆಯ ಬಳಿ ತಪ್ಪಾಯಿತು ಎನ್ನಲಿಲ್ಲ, ಆ ಮಾತು ಅವಳ ಬಾಯಿಗೆ ಬರುವುದಿಲ್ಲ. ರಿಪೇರಿಯಾದ ಮರುದಿನ ಬೆಳಿಗ್ಗೆ ಮಣೆಯನ್ನು ಎಳೆದು ತಂದು ದಾಕ್ಷಾಯಣಿಯ ಕಾಲ ಬಳಿ ಇಟ್ಟಳು. ತಾನು ನೆಲದ ಮೇಲೆ ತುದಿಗಾಲಲ್ಲಿ ನಿಂತು, ಎಟುಕದ ಗ್ರೈಂಡರಿನೊಳಗೆ ಅಕ್ಕಿ ಸುರಿಯತೊಡಗಿದಳು.

“ಈಗ ರಿಪೇರಿ ಆಗೈತಲ್ರಿ ಅತ್ತಿ, ಮಣಿ ನೀವ ತಗೋರಿ,” ಎಂದಳು ಸೊಸೆ.

“ಇರಲಿ, ನಿಂದ್ರು,” ಎಂದಳು ಶಾವಂತ್ರೆವ್ವ. “ನನಗಿನ್ನೂ ಸಂಶೆ.”