ಹಿಲ್ಡಾಳ ನಲವತ್ತು ಸಾಲು

ನಾನು ಮುಂಗೋಪಿ. ನನ್ನ ಹೆಂಡತಿ ಜಾನಕಿ ಇಪ್ಪತ್ತು ವರ್ಷದಿಂದ ಹಾಗೆ ಹೇಳುತ್ತಿದ್ದಾಳೆ, ಆದ್ದರಿಂದ ನಿಜವೇ ಇರಬೇಕು. ಅಂಥ ನಾನು ಒಬ್ಬರನ್ನು ಹೊಗಳಲು ಕೂತಿದ್ದೇನೆ ಎಂದರೆ ಅವರಲ್ಲಿ ಏನೋ ಇದೆ ಎಂದು ತಿಳಿಯಿರಿ.

ಪರದೇಶದಲ್ಲಿರುವ ನಮ್ಮ ಕನ್ನಡ ಬಳಗ ಇಲ್ಲಿನ ಹಿರಿಯರಿಗಾಗಿ ಒಂದು ಆಪ್ ಮಾಡಿತ್ತು. ಆಸ್ಪತ್ರೆಗೆ ಹೋಗಬೇಕಾದವರು ಅದರಲ್ಲಿ ಒಂದು ಬಟನ್ ಒತ್ತಿದರೆ ಸಾಕು, ನಮ್ಮಲ್ಲಿ ಬಿಡುವಿದ್ದವರು ಕಾರು ತೆಗೆದುಕೊಂಡು ಹೋಗುತ್ತೇವೆ. ಆರು ತಿಂಗಳಾದರೂ ಒಬ್ಬರೂ ಒತ್ತಲಿಲ್ಲ. ಡುವಾಲ್ ಊರಿನ ಸಾಕಮ್ಮನವರಂತೂ ಮಗಳಿಗೆ ರಜೆ ಸಿಗದೆ ಕಣ್ಣಿನ ಇಂಜೆಕ್ಷನ್ ಎರಡು ಸಲ ತಪ್ಪಿಸಿಕೊಂಡಿದ್ದರು. ಮೂರನೆಯದೂ ತಪ್ಪಿದರೆ ಎಡಗಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ನಾನೇ ಬರಲೇ ಎಂದು ಫೋನ್ ಮಾಡಿದರೆ "ಬೇಡಪ್ಪ, ಹೇಗೋ ಆಗುತ್ತೆ" ಎಂದರು. ಯಾರ ಹಂಗೂ ಬೇಡ ಎನ್ನುವ ಹೆಂಗಸು. ಉಳಿದಿದ್ದು ಹತ್ತೇ ದಿನ.

ಮೀಟಿಂಗಿನಲ್ಲಿ ನಾನು, "ವಯಸ್ಸಾದವರಿಗೆ ಫೋನ್ ಬರಲ್ಲ ಕಣ್ರೀ. ಕ್ಲಾಸ್ ಮಾಡೋಣ" ಎಂದೆ.

ಶೋರ್‌ಲೈನ್‌ನಲ್ಲಿರುವ ಹಿಲ್ಡಾ ಮೂಲತಃ ಉಡುಪಿ ಕಡೆಯವಳು, ಬಳಗಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. "ನಿಮ್ಮ ಫೋನು ಯಾವ ಭಾಷೆಯಲ್ಲಿ ಉಂಟು, ಶಿವಕುಮಾರ್ ಸರ್?" ಎಂದು ಕೇಳಿದಳು.

"ಇಂಗ್ಲಿಷ್. ಯಾಕೆ?"

ಕೂತಿದ್ದ ಒಂಬತ್ತು ಜನರದೂ ಇಂಗ್ಲಿಷೇ. ಅವಳು ತನ್ನ ಫೋನನ್ನು ಹಿರಿಯರ ಫೋನಿನ ಹಾಗೆ ಕನ್ನಡಕ್ಕೆ ಬದಲಾಯಿಸಿ ಮೇಜಿನ ಮೇಲಿಟ್ಟಳು. ಫೋನಿನಲ್ಲಿ ಎಲ್ಲವೂ ಕನ್ನಡವಾಯಿತು, ನಮ್ಮ ಆಪ್ ಒಂದನ್ನು ಬಿಟ್ಟು. ಕನ್ನಡ ಮಾತುಗಳನ್ನೆಲ್ಲ ಆರು ತಿಂಗಳ ಹಿಂದೆ ನಾನೇ ಬರೆದಿಟ್ಟಿದ್ದೆ, ಆಪಿಗೆ ಜೋಡಿಸುವುದನ್ನೇ ಮರೆತಿದ್ದೆ. ಕನ್ನಡದಲ್ಲಿ ತೆರೆದು ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ರಾಜ್ಯೋತ್ಸವ ಬಂದರೆ ಗಂಟಲು ಹರಿಯುವಂತೆ ಹಾಡುವವರು ನಾವು. ದೀಪದ ಬುಡದಲ್ಲೇ ಕತ್ತಲು.

ಮರ್ಯಾದೆ ಉಳಿಸಿಕೊಳ್ಳಲು, ಹನ್ನೆರಡು ಭಾಷೆಗೂ ಆಗುವ ದೊಡ್ಡ ವ್ಯವಸ್ಥೆಯನ್ನೇ ಕಟ್ಟೋಣ, ಮೂರು ತಿಂಗಳು ಕೊಡಿ ಎಂದೆ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆಯಾ ಮಾರಾಯ್ರೆ?" ಎಂದಳು ಹಿಲ್ಡಾ. "ಸಾಕಮ್ಮನಿಗೆ ಇರುವುದು ಹತ್ತು ದಿನ."

ಸಿಟ್ಟು ನೆತ್ತಿಗೇರಿತು. ಆದರೆ ಎರಡೇ ದಿನದಲ್ಲಿ ಅವಳು ಕೋಡ್ ಬರೆದು ಕಳಿಸಿದಳು. ನಲವತ್ತು ಸಾಲು, ಅಷ್ಟೇ. ಜೊತೆಗೊಂದು ಪಟ್ಟಿ: ಎಡಕ್ಕೆ ಇಂಗ್ಲಿಷ್ ಮಾತು, ಬಲಕ್ಕೆ ಕನ್ನಡ. ಫೋನು ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಪಟ್ಟಿಯಿಂದ ಆಪ್ ಮಾತು ಎತ್ತಿಕೊಳ್ಳುತ್ತದೆ. ನಾಳೆ ತೆಲುಗು ಬೇಕಾದರೆ ಇನ್ನೊಂದು ಪಟ್ಟಿ ಸೇರಿಸಿದರಾಯಿತು. ನಾನು ಬರೆದಿದ್ದ "ವಾಹನ ಕೋರಿಕೆ ಸಲ್ಲಿಸಿ" ಎಂಬುದನ್ನು ಕಿತ್ತು "ಕಾರು ಬೇಕು" ಎಂದು ಹಾಕಿದ್ದಳು. ತಪ್ಪು ಹುಡುಕಲೆಂದೇ ಮೂರು ಸಲ ಓದಿದೆ, ಒಂದೂ ಸಿಗಲಿಲ್ಲ. ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ, ಸುಳ್ಳೇಕೆ ಹೇಳಲಿ, ಇಂಥವಳು ನಮ್ಮ ಜೊತೆ ಇದ್ದಾಳಲ್ಲ ಎಂದು ಹೆಮ್ಮೆಯೂ ಆಯಿತು. ಅಂದೇ ಅದನ್ನು ಆಪಿಗೆ ಸೇರಿಸಿ ಎಲ್ಲರ ಫೋನಿಗೂ ಕಳಿಸಿದೆ.

ಹತ್ತನೆಯ ದಿನ ಬೆಳಿಗ್ಗೆ ಆಪ್ ನನ್ನ ಫೋನಿನಲ್ಲಿ ಸದ್ದು ಮಾಡಿತು. ಡುವಾಲ್‌ನಿಂದ ಸಾಕಮ್ಮ, ಕಾರು ಬೇಕು. ವುಡಿನ್‌ವಿಲ್‌ನ ನಮ್ಮ ಮನೆಯಿಂದ ಹೊರಟು, ಮಂಜಿನಲ್ಲಿ ಕಣಿವೆಗಿಳಿದು ಹೋದೆ. ಸಾಕಮ್ಮನವರು ಸೀರೆಯ ಮೇಲೆ ಸ್ವೆಟರ್ ತೊಟ್ಟು, ಆಸ್ಪತ್ರೆಯ ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

ಕಾರು ಹತ್ತಿದ ಮೇಲೆ ಕೇಳಿದೆ, "ಆಪ್ ಬಳಸೋದು ಯಾರು ಹೇಳ್ಕೊಟ್ರಮ್ಮ, ಮಗಳಾ?"

"ಹೇಳ್ಕೊಡೋಕೆ ಏನಿದೆ? ಕನ್ನಡದಲ್ಲಿ ಬರ್ದಿತ್ತು. ಓದ್ದೆ, ಒತ್ತಿದೆ," ಎಂದರು. ಸೆರಗಿನಿಂದ ಎಡಗಣ್ಣು ಒರೆಸಿಕೊಂಡು ಹೇಳಿದರು, "ಇಷ್ಟು ದಿನ ನಾನೇ ದಡ್ಡಿ ಅನ್ಕೊಂಡಿದ್ದೆ ಕಣಪ್ಪ."