ಯೂಫ್ರೇಸಿ ಉಂಡು ಹೋದದ್ದು

"ಏಳು ಅತ್ತೆ, ಗಾಳಿ ನಿಂತಿದೆ. ಅರ್ಧ ಗಂಟೆ ಅಷ್ಟೆ, ಆಮೇಲೆ ಆ ಕಡೆಯಿಂದ ಮತ್ತೆ ಶುರು," ಎಂದಳು ಡೆಲ್ಮಾ. ಗುಡ್ಡ ಹತ್ತಿ ಓಡಿಬಂದವಳಿಗೆ ಉಸಿರು ಸಾಲುತ್ತಿರಲಿಲ್ಲ.

ಕರಿಯಾಕೂ ದ್ವೀಪದ ಆ ಹಳ್ಳಿಯವರೆಲ್ಲ ಬೆಳಗ್ಗೆಯೇ ಶಾಲೆಯ ಕಲ್ಲುಕಟ್ಟಡ ಸೇರಿದ್ದರು. ಡೆಲ್ಮಾಳ ಸೋದರತ್ತೆ ಫಿಲಿಸ್ಟಾ ಮಾತ್ರ ಬಂದಿರಲಿಲ್ಲ. ಬಿರುಗಾಳಿಗಳಿಗೆ ಹೆಸರು ಕೊಡುವ ಸರದಿ ಆ ವರ್ಷ ಈ ದ್ವೀಪದ್ದು. ಹೋದ ವರ್ಷ ಪಕ್ಕದ ದ್ವೀಪದವರು ಮೀನುಗಳ ಹೆಸರು ಕೊಟ್ಟಿದ್ದರು. ಇವರು ತೀರಿಹೋದ ಅಜ್ಜಿಯರ ಹೆಸರು ಬರೆದು ಕಳಿಸಿದರು. ಏಳು ಅಜ್ಜಿಯರು ಬಿರುಗಾಳಿಯಾಗಿ ದೂರದಿಂದಲೇ ಸಮುದ್ರ ದಾಟಿ ಹೋದರು. ಎಂಟನೆಯವಳು, ಫಿಲಿಸ್ಟಾಳ ಅವ್ವ ಯೂಫ್ರೇಸಿ, ನೆಟ್ಟಗೆ ತನ್ನ ಊರಿಗೇ ಬಂದಳು.

ಸತ್ತವರು ಬರುವ ದಿನ ಅವರಿಗೆ ತಟ್ಟೆ ಬಡಿಸಿಡಬೇಕು, ಅವರು ಉಂಡೇಳುವ ತನಕ ಮನೆಯವರು ಹೊಸ್ತಿಲು ದಾಟಬಾರದು. ಅತ್ತೆ ಬಾಗಿಲು ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದಳು. ಗಾಳಿ ಅಲ್ಲಿಂದಲೇ ನುಗ್ಗಿ ತಗಡಿನ ಮಾಡನ್ನು ಎಬ್ಬಿಸಿಕೊಂಡು ಹೋಗಿತ್ತು. ಮೇಜಿನಡಿ ಮುದುಡಿ ಕೂತು ಕಾಪಾಡಿಕೊಂಡ ತಟ್ಟೆಯನ್ನು ಈಗ ಮೇಲಿಟ್ಟು, ಮೆಕ್ಕೆಜೋಳದ ಮುದ್ದೆಯನ್ನೂ ಹುರಿದ ಮೀನನ್ನೂ ಸರಿಮಾಡುತ್ತಿದ್ದಳು.

"ಅವ್ವ ಬರೋ ಹೊತ್ತಿಗೆ ಬಾಗಿಲು ಹಾಕ್ಕೊಂಡ್ರೆ ಏನಂದ್ಕೋತಾಳೆ?"

"ಬಂದ ಅಜ್ಜಿ ಮಾಡೇ ಕಿತ್ಕೊಂಡು ಹೋದ್ಲಲ್ಲ."

"ಆ ತಗಡು ಅವಳಿಗೆ ಯಾವತ್ತೂ ಹಿಡಿಸ್ಲಿಲ್ಲ. ನಿಮ್ಮಪ್ಪ ಹಾಕಿಸಿದ್ದಲ್ವ."

"ನಿನ್ನನ್ನೂ ಕಿತ್ಕೊಂಡು ಹೋದ್ರೆ?"

"ಅವಳಿನ್ನೂ ಉಂಡಿಲ್ಲ ಕಣೇ. ಉಪವಾಸ ಕಳಿಸ್ಲಾ? ನೀನು ಹೋಗು."

ಡೆಲ್ಮಾ ಅವಳ ರಟ್ಟೆ ಹಿಡಿದು ಎಳೆದಳು. ಹಕ್ಕಿಯಷ್ಟು ಹಗುರ ಮೈ, ಆದರೂ ಜಗ್ಗಲಿಲ್ಲ.

ಮೇಜಿನ ಮೇಲೆ ನೆರಳು ಬಿತ್ತು. ಡೆಲ್ಮಾ ತಲೆಯೆತ್ತಿದಳು. ಮಾಡಿಲ್ಲದ ಮನೆಯ ಮೇಲೆ ತೊಳೆದಿಟ್ಟಂಥ ನೀಲಿ. ಸುತ್ತಲೂ ಬಿಸಿಲು ಬಿದ್ದ ಮೋಡದ ಗೋಡೆ, ದೇವರು ತೋಡಿದ ಬಾವಿಯಂತೆ, ದುಂಡಗೆ ಎದ್ದು ನಿಂತಿತ್ತು. ಆ ಬಾವಿಯ ತುಂಬ ಹಕ್ಕಿಗಳು. ಬಿರುಗಾಳಿಯ ನಡುವಿನ ಕಣ್ಣಿನಲ್ಲಿ ಸಿಕ್ಕಿ ಎಷ್ಟು ದಿನದಿಂದ ಹಾರುತ್ತಿದ್ದವೋ, ಸಾವಿರಾರು ಕಡಲಹಕ್ಕಿಗಳು ಸದ್ದಿಲ್ಲದೆ ಇಳಿದವು. ಗೋಡೆಯ ಮೇಲೆ ಕೂತವು, ಕುರ್ಚಿಯ ಬೆನ್ನಿಗೆ ಕೂತವು, ಡೆಲ್ಮಾಳ ಪಾದಕ್ಕೆ ಒರಗಿ ಕೂತವು. ಒಂದು ಬಿಳಿ ಹಕ್ಕಿ ಮೇಜಿನ ಮೇಲೆ ನಡೆದು ಬಂದು ಮೀನನ್ನೆತ್ತಿ, ತಲೆ ಹಿಂದಕ್ಕೆ ಚೆಲ್ಲಿ ನುಂಗಿತು.

ಡೆಲ್ಮಾ ಓಡಿಸಲು ಕೈ ಎತ್ತಿದವಳು ಹಾಗೇ ಇಳಿಸಿದಳು. ಅತ್ತೆ ತಟ್ಟೆಯತ್ತ ಬಾಗಿ ನೋಡಿದಳು.

"ಮುಳ್ಳೂ ಬಿಡ್ಲಿಲ್ಲ," ಎಂದಳು ಮೆಲ್ಲಗೆ. "ಅವ್ವನ ಊಟ ಹಂಗೇ." ಎದ್ದು, ಡೆಲ್ಮಾಳ ಕೈ ಹಿಡಿದಳು.

ಹಕ್ಕಿಗಳ ನಡುವೆ ಹೆಜ್ಜೆಗೆ ಜಾಗ ಹುಡುಕುತ್ತ ಇಬ್ಬರೂ ಗುಡ್ಡ ಇಳಿದರು. ಶಾಲೆಯ ಬಾಗಿಲಲ್ಲಿ ಯಾರೋ ಕೈ ಬೀಸುತ್ತಿದ್ದರು. ಹಿಂದೆ, ಮೋಡದ ಗೋಡೆ ಗುಡ್ಡದ ನೆತ್ತಿಯ ಮರಗಳನ್ನು ಮುಟ್ಟಿತು. ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು, ಸರಿದುಹೋಗುತ್ತಿದ್ದ ನೀಲಿಯ ಜೊತೆ ಹೊರಟವು.