ಮುಗಿದ ಮೇಲೆ ಬಿದ್ದ ವಿರಾಮ

‘ಗಗನಗರ್ಭ’ ಸಿಂದಗಿಗೆ ಬಂದದ್ದು ತೊಗರಿ ರಾಶಿ ಮುಗಿದು ಮಂದಿಯ ಕೈ ಸ್ವಲ್ಪ ಖಾಲಿಯಾದ ಹೊತ್ತಿಗೆ. ಆಕಾಶದಲ್ಲಿ ತಲೆಕೆಳಗಾಗಿ ತೂಗುವ ಪಟ್ಟಣ, ಗೋಡೆಯ ಹಾಗೆ ನೆಟ್ಟಗೆ ನಿಂತ ಕೆಂಪು ಸಮುದ್ರ, ಗಾಜಿನ ಮೈಯ ಆನೆಗಳು ಎಲ್ಲವೂ ಅದಾಗಲೇ ಎಲ್ಲರ ಮೊಬೈಲಿನಲ್ಲಿ ಓಡಾಡಿದ್ದವು. ಭಾನುವಾರದ ಮ್ಯಾಟನಿಗೆ ಇಂಡಿ ಊರಿನಿಂದ ಒಂದು ಕ್ರೂಸರ್ ಗಾಡಿ ತುಂಬ ಮಂದಿ ಬಂದಿಳಿದರು. ದೇವರ ಹಿಪ್ಪರಗಿಯಿಂದ ಸಂಜೀವಕುಮಾರ, ಹೆಂಡತಿ ಸುವರ್ಣಾಳನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಬಂದ.

ಸಂಜೀವಕುಮಾರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸುತ್ತಲಿನ ಹತ್ತು ಹಳ್ಳಿಯವರು ಅವನ ಕೈಯಲ್ಲಿ ಕಲಿತವರು, ಇಲ್ಲವೆ ಮಕ್ಕಳನ್ನು ಅವನ ಹತ್ತಿರ ಕಲಿಯಲು ಕಳಿಸಿದವರು. ಥಿಯೇಟರಿನ ಗೇಟಿನಲ್ಲೇ ಮಾಲಕ ಧೂಳಪ್ಪ ಕೈ ಹಿಡಿದು, “ನೀವು ಬಂದದ್ದು ಛಲೋ ಆತ್ರಿ ಮಾಸ್ತರ. ನಿನ್ನೆ ನೋಡಿದವ್ರು ಏನೂ ತಿಳೀಲಿಲ್ಲ ಅಂತ ನನ್ನ ಬೈದು ಹೋಗ್ಯಾರ. ನೀವಾರ ನಾಕು ಮಾತು ಬಿಡಿಸಿ ಹೇಳ್ರಿ” ಎಂದ. ಸಂಜೀವಕುಮಾರನಿಗೆ ಖುಷಿಯಾಯಿತು. ಸುವರ್ಣಾ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

ಲೈಟು ಆರಿತು. ಹೆಸರಿಲ್ಲ, ಕುರುಹಿಲ್ಲ, ಸಿನಿಮಾ ನೇರವಾಗಿ ಸುಡುತ್ತಿರುವ ಒಂದು ಹಡಗಿನಿಂದ ಶುರುವಾಯಿತು. ಆಕಾಶದ ಹಡಗು. ಅದರಲ್ಲಿ ತಾರಿಣಿ ಎಂಬ ಹೆಣ್ಣುಮಗಳು ಯಾರನ್ನೋ ಎದೆಗೆ ಒತ್ತಿ ಹಿಡಿದು ಅಳುತ್ತಿದ್ದಳು. ಅವನು ಯಾರು, ಯಾಕೆ ಸತ್ತ, ಹಿಂದೆ ದೀಪ ಹಿಡಿದು ನಿಂತ ಮುದುಕ ಯಾರು, ಯಾರಿಗೂ ತಿಳಿಯಲಿಲ್ಲ. ಆದರೆ ಆ ಬೆಂಕಿಯ ಬಣ್ಣ ನೋಡಿ ಇಡೀ ಥಿಯೇಟರು ಉಸಿರು ಬಿಗಿಹಿಡಿಯಿತು. ಕೆಂಪು ಸಮುದ್ರ ಎದ್ದು ನಿಂತಾಗ ಮುಂದಿನ ಸಾಲಿನಿಂದ ಒಬ್ಬ, “ಆಲಮಟ್ಟಿ ಗೇಟ್ ಎಲ್ಲಾ ತಗದಾರಲೇ!” ಎಂದು ಕೂಗಿದ. ತಲೆಕೆಳಗಿನ ಪಟ್ಟಣ ಬಂದಾಗ ಇಂಡಿಯ ಮುದುಕಿಯೊಬ್ಬಳು ಕುತ್ತಿಗೆ ಪೂರ್ತಿ ಹೊರಳಿಸಿ ನೋಡಿ, “ಆ ಮಂದಿ ಉಣ್ಣೂದು ಹ್ಯಾಂಗವ್ವಾ?” ಎಂದಳು. ನಗೆ ಎದ್ದಿತು. ಅದರ ಹಿಂದೆಯೇ ಗಾಜಿನ ಆನೆಗಳು ಒಂದೊಂದಾಗಿ ಒಡೆದು ಬಿದ್ದವು, ಯಾಕೋ ಕೆಲವು ಹೆಂಗಸರು ಕಣ್ಣೊರೆಸಿಕೊಂಡರು.

ಒಂದು ದೊಡ್ಡ ಬೆಳಕು ತೆರೆಯನ್ನೆಲ್ಲ ನುಂಗಿತು. ಥಿಯೇಟರಿನ ಲೈಟು ಹತ್ತಿತು, ಇಂಟರ್ವಲ್.

“ಏನಾತ್ರಿ ಮಾಸ್ತರ? ಎಲ್ಲಾರೂ ಸತ್ತರಲ್ಲ, ಇನ್ನ ಮುಂದ ಏನ್ ತೋರಸ್ತಾರ?” ಅಂತ ಹಿಂದಿನಿಂದ ಒಬ್ಬ ಕೇಳಿದ. ಇನ್ನೊಬ್ಬ ಕೇಳಿದ. ಧೂಳಪ್ಪ ಕಣ್ಣಿನಲ್ಲೇ ಸನ್ನೆ ಮಾಡಿದ. ಸಂಜೀವಕುಮಾರ ಎದ್ದು ನಿಂತ. ಅವನಿಗೂ ಏನೂ ತಿಳಿದಿರಲಿಲ್ಲ, ಆದರೆ ನಿಂತ ಮೇಲೆ ಮಾತು ತಾನಾಗಿ ಬಂತು.

“ನೋಡ್ರಿ, ಈ ಲೋಕದಾಗ ಕಾಲ ಹಿಂದಕ್ಕ ಹರೀತೈತಿ. ನಮಗ ಮೊದಲ ಹುಟ್ಟು, ಆಮ್ಯಾಲ ಸಾವು. ಅವರಿಗೆ ಮೊದಲ ಸಾವು. ಈಗ ನೋಡ್ರಿ ಬೇಕಾರ, ಸತ್ತವರು ಒಬ್ಬೊಬ್ಬರ ಎದ್ದು ಬರ್ತಾರ.”

ಚಪ್ಪಾಳೆ ಬಿತ್ತು. ಸುವರ್ಣಾ ಮಾತ್ರ ಕೈಯಲ್ಲಿನ ಶೇಂಗಾ ಬಿಡಿಸುತ್ತ ಕುಳಿತಿದ್ದಳು.

ಇಂಟರ್ವಲ್ ಮುಗಿದು ತೆರೆಯ ಮೇಲೆ ಮೊದಲು ಬಂದದ್ದು ಸೆನ್ಸಾರ್ ಸರ್ಟಿಫಿಕೇಟು. ಹಿಂದೆಯೇ ಬೀಡಿ ಸಿಗರೇಟಿನ ಎಚ್ಚರಿಕೆ, ಅದರ ಹಿಂದೆ ಬಂಗಾರದ ಅಕ್ಷರದಲ್ಲಿ ‘ಗಗನಗರ್ಭ’. ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೋ, “ಮಾಸ್ತರ ಹೇಳಿದ್ದು ಖರೇ ಐತಿ! ಹೆಸರೂ ಹಿಂದ ಬಂತು!” ಎಂದು ಸೀಟಿ ಹೊಡೆದ. ಸತ್ತಿದ್ದವನು ನಗುತ್ತ ತೆರೆಗೆ ಬಂದಾಗ ಸಂಜೀವಕುಮಾರನ ಭುಜ ತಟ್ಟಿದವರು ಮೂವರು.

ಸುವರ್ಣಾ ಅವನ ಕಿವಿಯ ಹತ್ತಿರ ಬಾಗಿದಳು. ಮನೆಯಲ್ಲಿ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವಳು ಅವಳು.

“ರೀ, ಆಗ ತಾರಿಣಿ ಕೋಟಿನ ಭುಜಕ್ಕ ಕೈಹೊಲಿಗಿ ಹಾಕಿತ್ತು. ಈಗ ಅದು ಹರದೇ ಇಲ್ಲ.”

“ಅದಕ್ಕ ಹೇಳಿದ್ನಲ್ಲ, ಕಾಲ ಹಿಂದಕ್ಕ ಹರೀತೈತಿ ಅಂತ.”

“ಹಂಗಾರ ಆಕಿ ಮಾತೂ ಹಿಂದಮುಂದ ಬರಬೇಕಿತ್ತಲ್ರಿ. ನಡಗೀನೂ ನೆಟ್ಟಗ ಐತಿ. ಇದು ಮೊದಲ ತೋರಸೂದು, ಆಮ್ಯಾಲ ತೋರಿಸ್ಯಾರ.”

“ಸುಮ್ಮ ಸಿನಿಮಾ ನೋಡು” ಎಂದ ಸಂಜೀವಕುಮಾರ. ಆದರೆ ಆಮೇಲೆ ಅವನ ಕಣ್ಣು ಆ ಕೋಟು ಬಿಟ್ಟು ಕದಲಲಿಲ್ಲ. ಆನೆಗಳು ಇಡಿಯಾಗಿ ಓಡಿಬಂದವು, ಪಟ್ಟಣ ತೂಗಾಡಿತು, ಅವನಿಗೆ ಯಾವುದೂ ರುಚಿಸಲಿಲ್ಲ. ತಾರಿಣಿ ಒಂದು ಬಾಗಿಲು ದಾಟುವಾಗ ಮೊಳೆಗೆ ಸಿಕ್ಕಿ ಭುಜದ ಬಟ್ಟೆ ಚರ್ರೆಂದು ಹರಿಯಿತು. ಸುವರ್ಣಾ ಅವನ ಕಡೆ ತಿರುಗಿ ನೋಡಿದಳು. ಅದೇ ಹೊತ್ತಿಗೆ ಹಡಗಿಗೆ ಬೆಂಕಿ ಹತ್ತಿತು, ತೆರೆಯ ಮೇಲೆ ದೊಡ್ಡದಾಗಿ ‘ವಿರಾಮ’ ಎಂದು ಬಿತ್ತು, ಲೈಟು ಹತ್ತಿತು.

ಮುನ್ನೂರು ಮಂದಿಗೆ ಏಳಬೇಕೋ ಕೂಡಬೇಕೋ ತಿಳಿಯಲಿಲ್ಲ. ಕೆಲವರು ಚಪ್ಪಲಿ ಹುಡುಕಿ ಹೊರಟರು, ಕೆಲವರು ಅವರನ್ನು ತಡೆದು, “ಇಂಟರ್ವಲ್ ಐತಿ, ಎಲ್ಲಿಗ್ ಹೊಂಟೀರಿ?” ಎಂದರು. “ಇಂಟರ್ವಲ್ ಆಗೇತಲ್ಲೋ!” “ಎರಡನೇದ್ದಿರಬೇಕು ತಗೋ.” ಮಿರ್ಚಿ ಭಜಿ ಮಾರುವವನು ಒಳಗೆ ಬಂದು, ಮಂದಿ ಹೊರಗೆ ಬರುವುದು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಮುದ್ದೇಬಿಹಾಳದ ಬಸ್ಸು ಹಿಡಿಯಲು ಓಡಿಹೋದವರು ಮತ್ತೆ ತಿರುಗಿ ಬಂದು, “ಮುಗೀತೋ ಇಲ್ಲೋ ಒಂದು ಹೇಳ್ರಿ” ಎಂದು ಧೂಳಪ್ಪನನ್ನು ಹಿಡಿದುಕೊಂಡರು. ಧೂಳಪ್ಪ ಸಂಜೀವಕುಮಾರನ ಕಡೆ ನೋಡಿದ.

“ಕೇಳಿ ಬರ್ತೇನಿ ತಡೀರಿ” ಎಂದು ಸಂಜೀವಕುಮಾರ ಮೇಲಿನ ಪ್ರೊಜೆಕ್ಟರ್ ಮಷಿನ್ ಖೋಲಿಗೆ ಮೆಟ್ಟಿಲು ಹತ್ತಿದ.

ಆಪರೇಟರ್ ಶಮಶುದ್ದೀನ ಸ್ಟೂಲಿನ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದ. ಮೂವತ್ತು ವರ್ಷ ಇದೇ ಖೋಲಿಯಲ್ಲಿ ರೀಲು ಸುತ್ತಿದವನು. ಈಗ ರೀಲು ಇರಲಿಲ್ಲ, ಒಂದು ಕಂಪ್ಯೂಟರ್ ಪೆಟ್ಟಿಗೆ ಇತ್ತು.

“ಮಾಸ್ತರ, ಎರಡು ಫೈಲ್ ಇರ್ತಾವ್ರಿ, ಇಂಟರ್ವಲ್ ಮುಂಚಿಂದು ಒಂದು, ಆಮ್ಯಾಲಿಂದು ಒಂದು. ಹೆಸರು ಉದ್ದಾನುದ್ದ ಇಂಗ್ಲೀಷ್, ಕಡೀಕ ಒಂದು ಅಂಕಿ ಅಷ್ಟ ಫರಕ್. ಕಣ್ಣಿನ ಆಪರೇಶನ್ ಆಗಿ ಹದಿನೈದು ದಿನ ಆತು, ಇನ್ನೂ ಮಬ್ಬು ಐತಿ. ಎರಡನೇದ್ದು ಮೊದಲ ಬಿಟ್ನಿ.”

“ಗೊತ್ತಾದ್ದು ಯಾವಾಗ?”

“ಕಡೀಕ ಹೆಸರು ಬರೂದು ಸುರು ಆದಾಗ್ರಿ.  ಗಡಬಡಿಸಿ ಅಲ್ಲೇ ನಿಲ್ಲಿಸಿ ಲೈಟ್ ಹಚ್ಚಿದ್ನಿ. ಕೆಳಗ ನೋಡ್ತೇನಿ, ನೀವು ನಿಂತು ಹೇಳಾಕತ್ತೀರಿ, ಮಂದಿ ಚಪ್ಪಾಳಿ ಹೊಡ್ಯಾಕತ್ತಾರ. ಅಲ್ಲಾನ ಕಳಿಸ್ಯಾನ ಇವರನ್ನ ಅಂತ ಮೊದಲನೇದ್ದು ಆಮ್ಯಾಲ ಬಿಟ್ನಿ.” ಶಮಶುದ್ದೀನ ಎರಡೂ ಕೈ ಜೋಡಿಸಿದ. “ನೀವು ಹೇಳಿದ ಅರ್ಥ ಛಲೋ ಐತ್ರಿ. ಅದನ್ನ ಹಿಡಕೋರಿ. ಧೂಳಪ್ಪ ಸಾವಕಾರ್ರಿಗೆ ಗೊತ್ತಾದ್ರ ನನ್ನ ಮನಿಗೆ ಕಳಿಸ್ತಾರ.”

ಸಂಜೀವಕುಮಾರ ಯೋಚಿಸುತ್ತ ಮೆಟ್ಟಿಲು ಇಳಿದ. ಒಂದು ಮಾತು ಅಂದರೆ ಸಾಕು, ‘ಹೌದ್ರಿ, ಸಿನಿಮಾ ಇರೂದ ಹಿಂಗ’ ಅಂತ. ಮುದುಕನ ಕೆಲಸ ಉಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ. ಅವನು ತೆರೆಯ ಮುಂದೆ ಬಂದು ನಿಂತ. ಅಲ್ಲಿ ಕುಳಿತವರಲ್ಲಿ ಅವನ ಕೈಯಲ್ಲಿ ಕಲಿತವರ ಮುಖ ಎಷ್ಟೋ ಇದ್ದವು, ಎಲ್ಲರೂ ನಂಬಿಕೊಂಡೇ ಕುಳಿತಿದ್ದರು. ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

“ನಾ ಆಗ ಹೇಳಿದ್ದು ತಪ್ಪು” ಎಂದ. “ನನಗ ಏನೂ ತಿಳಿದಿದ್ದಿಲ್ಲ. ಸುಮ್ಮ ಹೇಳಿದ್ನಿ. ಕಾಲ ಹಿಂದಕ್ಕ ಗಿಂದಕ್ಕ ಏನೂ ಹರಿಯೂದಿಲ್ಲ. ಸಿನಿಮಾದ ಮೊದಲಿನ ಅರ್ಧ ಆಮ್ಯಾಲ, ಆಮ್ಯಾಲಿನ ಅರ್ಧ ಮೊದಲ ಬಂದೈತಿ. ನಮ್ಮ ಮನಿಯಾಕಿ ಇಂಟರ್ವಲ್ ಆದ ಹತ್ತು ನಿಮಿಷಕ್ಕ ಹೇಳಿದ್ಲು. ನಾ ಕೇಳಲಿಲ್ಲ.”

ಯಾರು ತಪ್ಪು ಮಾಡಿದರು ಅಂತ ಅವನು ಹೇಳಲಿಲ್ಲ. ಹೇಳುವ ಜರೂರೂ ಬೀಳಲಿಲ್ಲ. ಶಮಶುದ್ದೀನ ಅವನ ಹಿಂದೆಯೇ ಇಳಿದು ಬಂದಿದ್ದ.

“ನಂದ ತಪ್ಪು ಸಾವಕಾರ್ರ. ಕಣ್ಣು ಕಾಣಲಿಲ್ಲ, ಫೈಲಿನ ಹೆಸರು ತಪ್ಪು ಓದಿದ್ನಿ.”

ಧೂಳಪ್ಪ ಅವನನ್ನು ನೋಡಿದ, ಮಂದಿಯನ್ನು ನೋಡಿದ. ಬೈಗುಳ ಬಾಯಿಯ ತನಕ ಬಂದಿರಬೇಕು. ಅಷ್ಟರಲ್ಲಿ ಇಂಡಿಯ ಮುದುಕಿ, “ಆಗಿದ್ದು ಆತು ತಗೋರಿ. ಆಮ್ಯಾಲಿನ ಅರ್ಧ ಇನ್ನೊಮ್ಮೆ ತೋರಸ್ರಿ, ಹೊಂದಿಸಿಕೊಂಡು ನೋಡ್ತೀವಿ” ಎಂದಳು. “ಹೌದ್ರಿ, ತೋರಸ್ರಿ!” ಎಂದು ಹತ್ತು ದನಿ ಎದ್ದವು. ಧೂಳಪ್ಪ ಮುಂದಿನ ಆಟ ತಡವಾಗುತ್ತದೆ ಅಂತ ಗೇಟಿನವನಿಗೆ ಹೇಳಿ ಕಳಿಸಿದ. ಆಮೇಲೆ ಶಮಶುದ್ದೀನನಿಗೆ, “ಹೋಗು. ಈ ಸಲ ಮಾಸ್ತರರನ್ನ ಕರಕೊಂಡು ಹೋಗಿ ಹೆಸರು ಓದಸ್ಕೋ” ಎಂದ, ಅಷ್ಟೇ.

ಸಂಜೀವಕುಮಾರ ಹೋಗಿ ಓದಿದ. ಆಮೇಲೆ ಒಂದು ಚೀಟಿಯಲ್ಲಿ ಕನ್ನಡದಲ್ಲಿ ದಪ್ಪಗೆ ‘ಮೊದಲು’, ‘ಆಮೇಲೆ’ ಎಂದು ಬರೆದು, ಯಾವ ಅಂಕಿ ಯಾವುದಕ್ಕೆ ಅಂತ ತೋರಿಸಿ ಪೆಟ್ಟಿಗೆಗೆ ಅಂಟಿಸಿ ಬಂದ.

ಮತ್ತೆ ಬೆಂಕಿ, ಮತ್ತೆ ಸಮುದ್ರ, ಮತ್ತೆ ಆನೆಗಳು ಒಡೆದವು. ಈ ಸಲ ಯಾರೂ ಕೂಗಲಿಲ್ಲ. ಎಲ್ಲರೂ ಪರೀಕ್ಷೆಗೆ ಕುಳಿತವರ ಹಾಗೆ ಗಮನವಿಟ್ಟು ನೋಡಿದರು. ಬೆಳಕು ತೆರೆಯನ್ನು ನುಂಗಿತು, ಹೆಸರುಗಳು ಮೇಲೇರತೊಡಗಿದವು, ಶಮಶುದ್ದೀನ ಅವನ್ನೂ ಪೂರ್ತಿ ಬಿಟ್ಟ. ಕಡೆಯ ಹೆಸರು ಹೋಗುವವರೆಗೆ ಒಬ್ಬರೂ ಏಳಲಿಲ್ಲ.

ಹೊರಗೆ ಬಿಸಿಲು ಇಳಿದಿತ್ತು. ಚಾದ ಅಂಗಡಿಯ ಮುಂದೆ ಗುಂಪು ಗುಂಪಾಗಿ ನಿಂತು ಮಂದಿ ವಾದಿಸುತ್ತಿದ್ದರು. “ಮೊದಲ ನೋಡಿದ್ದ ಛಲೋ ಇತ್ತಲೇ, ಸತ್ತವರು ಎದ್ದು ಬರ್ತಿದ್ರು.” “ಈಗ ಎಲ್ಲಾರೂ ಸತ್ತ ಹೋದ್ರು, ಏನ್ ಮಜಾ?” “ಹಂಗಾರ ಆ ಆನಿ ಯಾಕ ಒಡದು?” “ಯಾರಿಗ್ ಗೊತ್ತ!” ಇಬ್ಬರು ಸಂಜೀವಕುಮಾರನನ್ನು ಕಂಡು ಏನೋ ಕೇಳಲು ಬಂದು, ಅರ್ಧಕ್ಕೆ ನಿಂತು, ಸುವರ್ಣಾಳ ಕಡೆ ತಿರುಗಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

ಬೈಕು ಊರು ದಾಟಿದ ಮೇಲೆ ಸಂಜೀವಕುಮಾರನೇ ಕೇಳಿದ, “ಆ ದೀಪ ಹಿಡಕೊಂಡ ಮುದುಕ ಯಾರಂತ ತಿಳೀತೇನ ನಿನಗ?”

ಸುವರ್ಣಾ ಮುಂದೆ ಸರಿದು ಕುಳಿತು ಹೇಳತೊಡಗಿದಳು. ಮುದುಕ ತಾರಿಣಿಯ ಮಗನಂತೆ. ಹುಟ್ಟದೇ ಇದ್ದ ಮಗ. ಅದಕ್ಕೇ ಅವನ ನೆರಳು ಬೀಳುತ್ತಿರಲಿಲ್ಲವಂತೆ. ಆನೆಗಳು ಆನೆಗಳೇ ಅಲ್ಲವಂತೆ. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ಉಳಿದ ಅರ್ಧವೂ ಅವನಿಗೆ ಹೊಂದಲಿಲ್ಲ.

“ಇನ್ನೊಮ್ಮೆ ಹೇಳು” ಎಂದು ಅವನು ಬೈಕಿನ ವೇಗ ಇಳಿಸಿದ.